ಟ್ಯೂನ್‌ಗೆ ಬರೆದ ಹಾಡು ಕೈತಪ್ಪುತ್ತಲೇ ಇದ್ದರೆ ಗೀತರಚನೆಯಲ್ಲಿ ಮುಂದುವರಿಯುವುದು ಹೇಗೆ?

ಎರಡನೇ_ಚರಣ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ವಾಸ. ಹೊಟ್ಟೆಪಾಡಿಗೆ ಬೇರೆ ಕೆಲಸ, ಉಳಿದ ಹೊತ್ತೆಲ್ಲ ಸಿನಿಮಾ ಮತ್ತು ಆಲ್ಬಂ ಹಾಡುಗಳಿಗೆ ಸಾಹಿತ್ಯ ಬರೆಯುತ್ತೇನೆ. ಸಂಗೀತ ನಿರ್ದೇಶಕರು ವಾಟ್ಸಾಪ್‌ನಲ್ಲಿ ಟ್ಯೂನ್ ಕಳಿಸುತ್ತಾರೆ, ಒಂದೆರಡು ದಿನದಲ್ಲಿ ಬರೆದು ಕೊಡುತ್ತೇನೆ. ಕೆಲವು ಹಾಡು ಟ್ರ್ಯಾಕ್ (ಮಾದರಿ ಗಾಯನ) ಹಾಡಿಸುವವರೆಗೂ ಹೋಗಿ, ಕೊನೆಗೆ ಬೇರೆಯವರ ಸಾಹಿತ್ಯದಲ್ಲಿ ಬಂದಿವೆ. ಒಂದು ಚಿತ್ರ ಅರ್ಧಕ್ಕೇ ನಿಂತಿದೆ, ಅದರಲ್ಲಿ ನಾನು ಬರೆದ ಹಾಡೂ ಸಿಕ್ಕಿಕೊಂಡಿದೆ. ಬಿಡುಗಡೆಯಾದ ಒಂದು ಹಾಡಿಗೆ ಆ್ಯಪ್‌ಗಳಲ್ಲಿ ನನ್ನ ಹೆಸರೇ ಇಲ್ಲ.

ಬಿಡುವ ಮನಸ್ಸಿಲ್ಲ. ಆದರೆ ಇದೇ ರೀತಿ ಬರೆಯುತ್ತಾ ಹೋದರೆ ಸಾಕೇ, ಅಥವಾ ಎಲ್ಲೋ ತಿದ್ದಿಕೊಳ್ಳಬೇಕೇ ಎಂದು ತಿಳಿಯಬೇಕಿದೆ. ಸಾಹಿತ್ಯ ಬದಲಾಗಲು ನಿಜವಾದ ಕಾರಣ ಏನಿರುತ್ತದೆ? ನಿಂತ ಚಿತ್ರದ ಹಾಡನ್ನು ಬೇರೆ ಕಡೆ ಬಳಸಬಹುದೇ? ಹೆಸರು ಹಾಕಿಸುವುದು ಹೇಗೆ? ಬೆಂಗಳೂರಿಗೆ ಬಂದು ನೆಲೆಸದೆ ಇದೆಲ್ಲ ಆಗುತ್ತದೆಯೇ? ಈ ಕೆಲಸ ಹತ್ತಿರದಿಂದ ಬಲ್ಲವರು ದಯವಿಟ್ಟು ವಿವರವಾಗಿ ಹೇಳಿ.

---

ಲಘು_ಗುರು ಉತ್ತರ:

ಬರವಣಿಗೆಗೆ ಸಂಬಂಧಿಸಿದ್ದನ್ನಷ್ಟೇ ಹೇಳುತ್ತೇನೆ. ಹಣ, ಹಕ್ಕಿನ ವಿಚಾರ ಇಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ.

ಟ್ರ್ಯಾಕ್ ಹಾಡಿಸಿದ ಮೇಲೆ ಸಾಹಿತ್ಯ ಬದಲಾದರೆ, ಕವಿತೆ ಚೆನ್ನಾಗಿಲ್ಲ ಎಂಬುದು ಕಾರಣವಾಗಿರುವುದು ಕಡಿಮೆ. ಮೂರು ಕಾರಣ ಹೆಚ್ಚು: ಗಾಯಕರ ಬಾಯಿಗೆ ಸಾಲು ಕೂರಲಿಲ್ಲ, ಪಲ್ಲವಿಯ ಮೊದಲ ಸಾಲು ಕಿವಿಯಲ್ಲಿ ಉಳಿಯಲಿಲ್ಲ, ಅಥವಾ ನಿರ್ದೇಶಕರ ತಲೆಯಲ್ಲಿದ್ದ ಸನ್ನಿವೇಶ ನಿಮಗೆ ಪೂರ್ತಿ ತಲುಪಿರಲಿಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಆದ್ದರಿಂದ ಹಾಡು ತಿರಸ್ಕೃತವಾದಾಗ "ಯಾಕೆ ಬೇಡವಾಯಿತು" ಎಂದು ಕೇಳಬೇಡಿ, ಅದಕ್ಕೆ ಯಾರೂ ನೇರ ಉತ್ತರ ಕೊಡುವುದಿಲ್ಲ. "ಹಾಡುವಾಗ ಯಾವ ಸಾಲಿನಲ್ಲಿ ತೊಡಕಾಯಿತು ಸರ್?" ಎಂದು ಕೇಳಿ. ಸಂಗೀತ ನಿರ್ದೇಶಕರಿಗೆ ಅದು ನೆನಪಿರುತ್ತದೆ, ಹೇಳಲು ಮುಜುಗರವೂ ಇರುವುದಿಲ್ಲ.

ಮೀಟರ್, ಅಂದರೆ ಟ್ಯೂನಿನ ಅಳತೆಯ ವಿಚಾರಕ್ಕೆ ಬರೋಣ. ಟ್ಯೂನ್ ಕೇಳಿ ಮಾತ್ರೆ ಎಣಿಸುವುದು ಎಲ್ಲರಿಗೂ ಗೊತ್ತು. ಆದರೆ ಮಾತ್ರೆ ಸರಿಯಿದ್ದರೂ ಹಾಡು ಕೂರದೇ ಇರಬಹುದು. ಟ್ಯೂನ್ "ತನನ ತಾನ ತನನ ತಾನ" ಎಂದಿದೆ ಎನ್ನಿ, ಮೂರು ಮಾತ್ರೆಯ ನಾಲ್ಕು ಗಣ. "ಕನಸು ಬಂತು ಕಣ್ಣಿಗೆ ಇಂದು" ಎಂದು ಬರೆದರೆ "ಕಣ್ಣಿಗೆ"ಯಲ್ಲಿ ನಾಲ್ಕು ಮಾತ್ರೆ, ಗಾಯಕರು ಒಂದನ್ನು ನುಂಗಲೇಬೇಕು. ಅದನ್ನು "ಕಣ್ಗೆ" ಎಂದು ತಿದ್ದಿದರೆ ಮಾತ್ರೆ ಮೂರಾಯಿತು, ಆದರೆ ಟ್ಯೂನ್‌ನಲ್ಲಿ ಅಲ್ಲಿರುವುದು ಮೂರು ಬಿಡಿ ಸ್ವರ, ನಿಮ್ಮ ಪದದಲ್ಲಿರುವುದು ಎರಡೇ ಅಕ್ಷರ. ಸ್ವರ ಉಳಿದುಹೋಗುತ್ತದೆ. "ಕನಸು ಬಂತು ಇರುಳ ದಾಟಿ" ಎಂದರೆ ಲೆಕ್ಕ ಸರಿ, ಹಾಡಿದರೆ ತಪ್ಪು: "ಬಂತು ಇರುಳ" ಎರಡೂ ಬಾಯಲ್ಲಿ ಸೇರಿ "ಬಂತಿರುಳ" ಆಗಿ ಒಂದು ಅಕ್ಷರ ಮಾಯ. "ಕನಸು ಬಂತು ಕಡಲ ದಾಟಿ" ಎಂದರೆ ಮಾತ್ರೆ, ಅಕ್ಷರ, ಪದಗಳ ನಡುವಿನ ಬಿಡುವು ಮೂರೂ ಕೂರುತ್ತವೆ. ಪ್ರತಿ ಸಾಲನ್ನೂ ಈ ಮೂರು ಬಗೆಯಲ್ಲೂ ಪರೀಕ್ಷಿಸಿ. ಸ್ವರಾಕ್ಷರದಿಂದ (ಅ, ಇ, ಉ ಇಂಥವು) ಕೊನೆಯಾಗುವ ಪದದ ಪಕ್ಕ ಸ್ವರಾಕ್ಷರದಿಂದ ಶುರುವಾಗುವ ಪದ ಬಂದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ. ಕನ್ನಡದ ಬಹುಪಾಲು ಪದಗಳು ಸ್ವರಾಂತ, ಹಾಗಾಗಿ ಈ ತೊಂದರೆ ನಮಗೆ ಹೆಜ್ಜೆಹೆಜ್ಜೆಗೂ ಬರುತ್ತದೆ.

ಇನ್ನೊಂದು, ಎಳೆತ. ಟ್ಯೂನ್ ಎಳೆಯುವ ಜಾಗದಲ್ಲಿ ಹ್ರಸ್ವಾಕ್ಷರ ಇಟ್ಟರೆ ಅರ್ಥವೇ ಬದಲಾಗುತ್ತದೆ. "ನಡು" ಎಳೆದರೆ "ನಾಡು", "ಕಡು" ಎಳೆದರೆ "ಕಾಡು", "ಹರಿ" ಎಳೆದರೆ "ಹಾರಿ". ಪದದ ಕೊನೆಯ ಅಕಾರವನ್ನು ಎಳೆದರೆ ಅಷ್ಟು ಹಾನಿ ಇಲ್ಲ, ಮೊದಲ ಅಕ್ಷರ ಎಳೆದರೆ ಕೆಟ್ಟಿತು.

ಮೇಲಿನ ಸ್ಥಾಯಿಯಲ್ಲಿ ನಿಲ್ಲುವ ಅಕ್ಷರ ಇ ಅಥವಾ ಉ ಆದರೆ ಗಂಟಲು ಬಿಗಿಯುತ್ತದೆ. ಆ, ಓ ಬಂದರೆ ದನಿ ತೆರೆಯುತ್ತದೆ. ನಮ್ಮ ವಾಕ್ಯಗಳು ಕ್ರಿಯಾಪದದಲ್ಲಿ ಮುಗಿಯುವುದರಿಂದ ಸಾಲಿನ ಕೊನೆಗೆ ಎ, ಉ, ಇ ತಾನಾಗಿ ಬಂದು ಕೂರುತ್ತವೆ. ಪದಕ್ರಮ ತಿರುಗಿಸಿ ನೋಡಿ: "ದೂರ ತೀರ ನೋಡಿ ಬಂದೆ" ಬದಲು "ನೋಡಿ ಬಂದೆ ದೂರ ತೀರ". ಕೊನೆಯ "ರ" ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ.

ಸನ್ನಿವೇಶ ಕೇಳುವಾಗ ಇವಿಷ್ಟು ಬರೆದುಕೊಳ್ಳಿ: ಯಾರು ಯಾರಿಗೆ ಹಾಡುತ್ತಾರೆ, ಹಾಡಿಗೆ ಹಿಂದಿನ ಮತ್ತು ಮುಂದಿನ ದೃಶ್ಯ ಯಾವುದು, ಪಾತ್ರಗಳು ಬಾಯಾಡಿಸುತ್ತವೆಯೋ ಅಥವಾ ದೃಶ್ಯಗಳ ಹಿನ್ನೆಲೆಯಲ್ಲಿ ಕೇಳಿಸುವ ಮಾಂಟಾಜ್ ಹಾಡೋ, ಪಾತ್ರದ ಮಾತು ಮಂಡ್ಯದ್ದೋ ಧಾರವಾಡದ್ದೋ ಮಂಗಳೂರಿನದೋ, ಡಮ್ಮಿ ಸಾಹಿತ್ಯದಲ್ಲಿ (ಟ್ಯೂನ್ ಮಾಡುವಾಗ ತಾತ್ಕಾಲಿಕವಾಗಿ ಹಾಕಿದ ಪದಗಳಲ್ಲಿ) ಅವರಿಗೆ ಇಷ್ಟವಾದ ಶಬ್ದ ಏನಾದರೂ ಇದೆಯೇ. ಕೊನೆಯದು ಬಹಳ ಮುಖ್ಯ. ಡಮ್ಮಿಯನ್ನು ತಿಂಗಳುಗಟ್ಟಲೆ ಕೇಳಿದ ತಂಡದ ಕಿವಿಗೆ ಅದರ ನಾದ ಅಂಟಿಬಿಟ್ಟಿರುತ್ತದೆ. ಡಮ್ಮಿಯಲ್ಲಿ "ಲೈಲೇ" ಎಂದಿದ್ದ ಜಾಗಕ್ಕೆ ನೀವು ಒತ್ತಕ್ಷರಗಳ ಪದ ತಂದರೆ, ಅದು ಎಷ್ಟೇ ಅರ್ಥಪೂರ್ಣವಾಗಿರಲಿ, ಅವರಿಗೆ ಏನೋ ಕಳೆದುಹೋದಂತೆ ಕೇಳಿಸುತ್ತದೆ. ಆ ಜಾಗದಲ್ಲಿ ಅದೇ ಸ್ವರಾಕ್ಷರಗಳಿರುವ ಪದ ಹುಡುಕಿ.

ಪಲ್ಲವಿ ಒಂದೇ ಕಳಿಸಬೇಡಿ, ಮೂರು ಕಳಿಸಿ. ಒಂದೇ ಭಾವದ ಮೂರು ಪಾಠಾಂತರ ಅಲ್ಲ, ಮೂರು ಬೇರೆ ಯೋಚನೆ. ಚರಣವನ್ನು ಪಲ್ಲವಿ ಒಪ್ಪಿಗೆಯಾದ ಮೇಲೇ ಬರೆಯಿರಿ. ಜೊತೆಗೆ ಟ್ಯೂನ್ ಮೇಲೆ ನೀವೇ ಗುನುಗಿದ ಧ್ವನಿಮುದ್ರಿಕೆ ಕಳಿಸಿ, ದನಿ ಹೇಗಿದ್ದರೂ ಪರವಾಗಿಲ್ಲ. ಯಾವ ಅಕ್ಷರ ಯಾವ ಸ್ವರದ ಮೇಲೆ ಎಂಬುದು ಕಾಗದದಿಂದ ಗೊತ್ತಾಗುವುದಿಲ್ಲ. ಬರೀ ಸಾಹಿತ್ಯ ಕಳಿಸಿದಾಗ ಅವರು ತಪ್ಪಾಗಿ ಕೂರಿಸಿ ಹಾಡಿ, "ಕೂರುತ್ತಿಲ್ಲ" ಎಂದು ಪಕ್ಕಕ್ಕಿಡುವುದು ಎಷ್ಟೋ ಸಲ ನಡೆಯುತ್ತದೆ.

---

ಕರಾರು_ಓದಿ ಉತ್ತರ:

ನಿಂತ ಚಿತ್ರ ಮತ್ತು ಹೆಸರಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಈ ಎರಡರಲ್ಲಿ ಕಾನೂನು ಬರಹಗಾರರ ಪರ ಇದೆ, ಬರಹಗಾರರಿಗೆ ಅದು ಗೊತ್ತಿಲ್ಲದಿರುವುದೇ ದೊಡ್ಡ ನಷ್ಟ.

ಹಿನ್ನೆಲೆ ಸ್ವಲ್ಪ: 1977ರಲ್ಲಿ, ಸಾಹಿತಿ ಮತ್ತು ಸಂಯೋಜಕರ ರಾಯಲ್ಟಿ ಸಂಗ್ರಹಿಸುವ ಸಂಘವಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ, ಚಿತ್ರಕ್ಕೆಂದು ಬರೆಸಿದ ಹಾಡಿನ ಒಡೆತನ ನಿರ್ಮಾಪಕರದ್ದೇ ಎಂಬಂತಾಗಿತ್ತು. ಒಮ್ಮೆ ಸಂಭಾವನೆ ಪಡೆದರೆ ಅಲ್ಲಿಗೆ ಮುಗಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಹಾಡು ಪ್ರದರ್ಶನವಾಗುವುದನ್ನು ಬಿಟ್ಟು, ಟಿವಿ, ರೇಡಿಯೋ, ಆ್ಯಪ್, ಹೋಟೆಲು, ವೇದಿಕೆ ಹೀಗೆ ಬೇರೆ ಯಾವುದೇ ಬಳಕೆಯ ರಾಯಲ್ಟಿಯಲ್ಲಿ ಸಾಹಿತಿಗೆ ಸಮಾನ ಪಾಲು ಇದೆ. ಆ ಪಾಲನ್ನು ಕಾನೂನುಬದ್ಧ ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲಾಗದು, ಬಿಟ್ಟುಕೊಡಲೂ ಆಗದು. ಕರಾರಿನಲ್ಲಿ "ಎಲ್ಲ ರಾಯಲ್ಟಿ ತ್ಯಜಿಸಿದ್ದೇನೆ" ಎಂದಿದ್ದರೂ ಆ ಸಾಲಿಗೆ ಬೆಲೆಯಿಲ್ಲ. ಸಿನಿಮಾಕ್ಕೆ ಸೇರದ ಆಲ್ಬಂ ಹಾಡಿಗೂ ಇದೇ ರಕ್ಷಣೆ ಇದೆ.

ನಿಂತ ಚಿತ್ರದ ಹಾಡು: ಮೊದಲು ನೋಡಬೇಕಾದದ್ದು ನೀವು ಏನಾದರೂ ಸಹಿ ಮಾಡಿದ್ದೀರಾ ಎಂಬುದು. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಲೇಬೇಕು ಎನ್ನುತ್ತದೆ 19ನೇ ಸೆಕ್ಷನ್. ಫೋನಿನಲ್ಲಿ ಮಾತಾಡಿದ್ದು ವರ್ಗಾವಣೆ ಅಲ್ಲ. ಸಹಿ ಮಾಡಿದ್ದರೂ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಅದೇ ನಡೆಯುತ್ತದೆ, ಆದ್ದರಿಂದ "ಬಳಸದಿದ್ದರೂ ಹಕ್ಕು ಮುಂದುವರಿಯತಕ್ಕದ್ದು" ಎಂಬ ಅರ್ಥದ ಸಾಲು ಇದೆಯೇ ಹುಡುಕಿ. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆ ತಿಳಿಯುತ್ತದೆ.

ಹಕ್ಕು ನಿಮ್ಮಲ್ಲೇ ಉಳಿದಿದ್ದರೂ ಒಂದು ಎಚ್ಚರ: ಸಾಹಿತ್ಯ ನಿಮ್ಮದು, ಟ್ಯೂನ್ ನಿಮ್ಮದಲ್ಲ. ಅದೇ ಟ್ಯೂನ್‌ನಲ್ಲಿ ಬಿಡಬೇಕೆಂದರೆ ಸಂಗೀತ ನಿರ್ದೇಶಕರ ಒಪ್ಪಿಗೆ ಬೇಕು. ಬೇರೆ ರಾಗ ಹಾಕಿಸಿದರೆ ಆ ತೊಡಕಿಲ್ಲ. ಬಳಸುವ ಮುಂಚೆ ನಿರ್ಮಾಪಕರಿಗೆ ಒಂದು ಇಮೇಲ್ ಹಾಕಿ, ಹದಿನೈದು ದಿನ ಕಾದು ಮುಂದುವರಿಯಿರಿ. ಮುಂಗಡ ಪಡೆದಿದ್ದರೆ ಅದರ ಬಗ್ಗೆಯೂ ಆ ಇಮೇಲ್‌ನಲ್ಲೇ ಬರೆಯಿರಿ. ಸಂಬಂಧ ಕೆಡದಂತೆ ಕೆಲಸ ಆಗುವುದು ಹೀಗೆ.

ಮುಂದಿನ ಸಲದಿಂದ ಒಂದು ಪುಟದ ಒಪ್ಪಂದ ನೀವೇ ಸಿದ್ಧಮಾಡಿ ಒಯ್ಯಿರಿ. ಅದರಲ್ಲಿ ಹಾಡಿನ ಮೊದಲ ಸಾಲು, ಚಿತ್ರದ ಹೆಸರು, ಒಟ್ಟು ಸಂಭಾವನೆ, ಅರ್ಧ ಬರೆಯುವ ಮುಂಚೆ ಉಳಿದರ್ಧ ಗಾಯನದ ರೆಕಾರ್ಡಿಂಗ್ ದಿನ, ಎಷ್ಟು ಸಲ ತಿದ್ದುಪಡಿ, ವರ್ಷದೊಳಗೆ ಬಿಡುಗಡೆಯಾಗದಿದ್ದರೆ ಹಕ್ಕು ವಾಪಸು, ಟೈಟಲ್ ಕಾರ್ಡ್‌ನಲ್ಲೂ ಆನ್‌ಲೈನ್ ವಿವರದಲ್ಲೂ ನಿಮ್ಮ ಹೆಸರು, ಇಷ್ಟೂ ಇರಬೇಕು. ಹೊಸಬರಿಗೆ ಕರಾರಿನ ಮಾತೆತ್ತಿದರೆ ಅವಕಾಶ ಹೋಗುತ್ತದೆಂಬ ಭಯ ಸಹಜ. ಪೂರ್ತಿ ಒಪ್ಪಂದಕ್ಕೆ ಅವರು ಒಪ್ಪದಿದ್ದರೆ, ಇವೇ ಅಂಶಗಳನ್ನು "ನಾವು ಮಾತಾಡಿದಂತೆ" ಎಂದು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಬರೆದು ಕಳಿಸಿ, "ಸರಿ" ಎಂಬ ಉತ್ತರ ಪಡೆಯಿರಿ. ಒಪ್ಪಂದಕ್ಕೆ ಸಮವಲ್ಲ, ಆದರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಸಂಭಾವನೆಯ ಚೆಕ್ ಬೌನ್ಸ್ ಆದರೆ ಸುಮ್ಮನೆ ಕಾಯಬೇಡಿ. ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ನೋಟಿಸ್ ಹೋಗಬೇಕು, ಅವರಿಗೆ 15 ದಿನ ಕಾಲಾವಕಾಶ, ಆಮೇಲೂ ಕೊಡದಿದ್ದರೆ ಒಂದು ತಿಂಗಳೊಳಗೆ ದೂರು. "ಮುಂದಿನ ವಾರ ಕೊಡ್ತೀನಿ" ಎಂಬ ಮಾತು ನಂಬಿ ಈ ಗಡುವು ದಾಟಿಸಿಕೊಳ್ಳುವವರು ಬಹಳ ಮಂದಿ.

ಹೆಸರಿನ ವಿಚಾರ: ಕರ್ತೃತ್ವ ತನ್ನದೆಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ ಪ್ರಕಾರ ಎಲ್ಲ ಹಕ್ಕು ಮಾರಿದ ಮೇಲೂ ನಿಮ್ಮಲ್ಲೇ ಉಳಿಯುತ್ತದೆ. ಆ್ಯಪ್ ಕಂಪನಿಗೆ ಬರೆದು ಪ್ರಯೋಜನವಿಲ್ಲ, ಅವರು ತೋರಿಸುವುದು ಆಡಿಯೋ ಕಂಪನಿ ಕಳಿಸಿದ ಮಾಹಿತಿಯನ್ನು. ಹಾಡಿನ ಕೊಂಡಿ, ಐಎಸ್‌ಆರ್‌ಸಿ ಸಂಖ್ಯೆ (ಪ್ರತಿ ಧ್ವನಿಮುದ್ರಿಕೆಗೂ ಇರುವ ಗುರುತಿನ ಸಂಖ್ಯೆ), ನೀವು ಸಾಹಿತ್ಯ ಕಳಿಸಿದ ದಿನಾಂಕದ ಪುರಾವೆ, ಹೆಸರು ಹೇಗೆ ಬರಬೇಕು ಎಂಬುದರ ಕನ್ನಡ ಮತ್ತು ಇಂಗ್ಲಿಷ್ ಕಾಗುಣಿತ ಇವನ್ನೆಲ್ಲ ಸೇರಿಸಿ ಆಡಿಯೋ ಕಂಪನಿಗೆ ಇಮೇಲ್ ಮಾಡಿ, ಪ್ರತಿಯನ್ನು ಸಂಗೀತ ನಿರ್ದೇಶಕರಿಗೂ ಹಾಕಿ. ಯೂಟ್ಯೂಬ್ ವಿವರಣೆ ಯಾವಾಗ ಬೇಕಾದರೂ ತಿದ್ದಬಹುದು, ಆ್ಯಪ್‌ಗಳಲ್ಲಿ ಬದಲಾಗಲು ಸ್ವಲ್ಪ ಕಾಲ ಹಿಡಿಯುತ್ತದೆ. ಅವರು ಕೇಳದಿದ್ದರೆ ಆಗ ವಕೀಲರ ಪತ್ರ.

ಇಷ್ಟರ ಜೊತೆಗೆ ಐಪಿಆರ್‌ಎಸ್ ಸದಸ್ಯತ್ವ ಪಡೆಯಿರಿ. 1969ರಲ್ಲಿ ಶುರುವಾದ ಸಂಘ, 2017ರಲ್ಲಿ ತಿದ್ದುಪಡಿಯಾದ ಕಾಯ್ದೆಯಡಿ ಮರುನೋಂದಣಿಯಾಯಿತು. ಸಾಹಿತಿ, ಸಂಯೋಜಕ, ಪ್ರಕಾಶಕ ಮೂವರ ಪರವಾಗಿಯೂ ರಾಯಲ್ಟಿ ಸಂಗ್ರಹಿಸುತ್ತದೆ. ಸದಸ್ಯರಾದರೆ ಸಾಲದು, ಬಿಡುಗಡೆಯಾದ ಪ್ರತಿ ಹಾಡನ್ನೂ ನಿಮ್ಮ ಕೃತಿಪಟ್ಟಿಗೆ ಸೇರಿಸುತ್ತಿರಬೇಕು. ಪಟ್ಟಿಯಲ್ಲಿ ಇಲ್ಲದ ಹಾಡಿನ ಹಣ ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

---

ರಂಗಗೀತೆ ಉತ್ತರ:

ಮೇಲಿನವರಿಬ್ಬರೂ ಸಿನಿಮಾ ಸುತ್ತಲೇ ಹೇಳಿದ್ದಾರೆ. ನನ್ನ ಅಭಿಪ್ರಾಯ, ಸಿನಿಮಾ ಒಂದನ್ನೇ ಬಾಗಿಲು ಎಂದುಕೊಂಡವರು ಬೇಗ ಸೋಲುತ್ತಾರೆ. ಸಿನಿಮಾದಲ್ಲಿ ಬರೆದದ್ದಕ್ಕೂ ಕೇಳುಗರ ಪ್ರತಿಕ್ರಿಯೆ ಸಿಗುವುದಕ್ಕೂ ನಡುವೆ ವರ್ಷ ದಾಟಬಹುದು. ಅಷ್ಟು ತಡವಾದರೆ ಕಲಿಯುವುದು ಹೇಗೆ?

ನಾಟಕ ತಂಡಗಳಿಗೆ ಬರೆಯಿರಿ. ದಾವಣಗೆರೆಯಲ್ಲೇ ಹವ್ಯಾಸಿ ತಂಡಗಳಿವೆ, ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ ಅಲ್ಲಿಂದ ಒಂದು ದಿನದ ಪ್ರಯಾಣದೊಳಗಿದೆ. ತಾಲೀಮಿನಲ್ಲಿ ನಟರು ನಿಮ್ಮ ಸಾಲನ್ನು ನಡೆಯುತ್ತಾ, ಕುಣಿಯುತ್ತಾ, ಮೈಕ್ ಇಲ್ಲದೆ ಹಾಡುತ್ತಾರೆ. ಉಸಿರಿಗೆ ಜಾಗ ಇಲ್ಲದ ಸಾಲು ಮೊದಲ ದಿನವೇ ಸಿಕ್ಕಿಬೀಳುತ್ತದೆ. ದುಡ್ಡು ಇರುವುದಿಲ್ಲ ಎನ್ನುವಷ್ಟು ಕಡಿಮೆ, ಆದರೆ ಬರವಣಿಗೆಯನ್ನು ಇಷ್ಟು ಬೇಗ ತಿದ್ದುವ ಜಾಗ ಮತ್ತೊಂದಿಲ್ಲ. ಧಾರಾವಾಹಿಯ ಶೀರ್ಷಿಕೆ ಗೀತೆ, ಭಕ್ತಿಗೀತೆ, ಮಕ್ಕಳ ಹಾಡು, ಶಾಲೆ ಮತ್ತು ಸಂಸ್ಥೆಗಳ ಆಶಯ ಗೀತೆ, ಹೊರದೇಶದ ಕನ್ನಡ ಕೂಟಗಳ ರಾಜ್ಯೋತ್ಸವದ ಹಾಡು, ಜಾಹೀರಾತಿನ ಜಿಂಗಲ್ ಇವೆಲ್ಲವೂ ಕೆಲಸವೇ. ಜಿಂಗಲ್ ಕೀಳು ಎಂದುಕೊಳ್ಳಬೇಡಿ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುವ ಅಭ್ಯಾಸ ಪಲ್ಲವಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ತಿರಸ್ಕೃತ ಸಾಹಿತ್ಯವನ್ನು ಹಾಗೇ ಫೋನಿನಲ್ಲಿ ಬಿಡಬೇಡಿ. ಒಂದು ಕಡತ ಮಾಡಿ, ಪ್ರತಿ ಪಲ್ಲವಿಯ ಮುಂದೆ ಗಣದ ವಿನ್ಯಾಸ (3+3+3+3, 4+4+4+2, 5+5 ಹೀಗೆ), ಭಾವ, ಯಾವ ಕಾರಣಕ್ಕೆ ಬೇಡವಾಯಿತು ಎಂದು ಬರೆಯಿರಿ. ಅದೇ ವಿನ್ಯಾಸದ ಟ್ಯೂನ್ ಮತ್ತೆ ಬಂದಾಗ ಹಳೆಯ ಸಾಲಿನ ಒಂದು ಭಾಗವಾದರೂ ಒದಗುತ್ತದೆ. ಆದರೆ ಹೊಸ ಸನ್ನಿವೇಶಕ್ಕೆ ಹಳೆಯ ಹಾಡನ್ನು ಇಡಿಯಾಗಿ ತುರುಕಬೇಡಿ, ನಿರ್ದೇಶಕರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಸ್ವಂತವಾಗಿ ಹಾಡು ಬಿಡುವುದಾದರೆ, ಸಂಗೀತ ಮಾಡುವವರು, ಹಾಡುವವರು, ನೀವು ಮೂವರೂ ರೆಕಾರ್ಡಿಂಗ್‌ಗೆ ಮುಂಚೆಯೇ ಪಾಲಿನ ಹಾಳೆಗೆ ಸಹಿ ಹಾಕಿ: ಸಾಹಿತ್ಯ ಯಾರದು, ರಾಗ ಯಾರದು, ಧ್ವನಿಮುದ್ರಿಕೆಯ ಒಡೆತನ ಯಾರಿಗೆ ಎಷ್ಟು ಶೇಕಡಾ. ಹಾಡು ಓಡಿದ ಮೇಲೆ ಈ ಮಾತು ಆಡಲು ಹೋದರೆ ಸ್ನೇಹ ಉಳಿಯುವುದಿಲ್ಲ. ಸ್ಪಾಟಿಫೈನ ಸಂಪಾದಕರು ಆರಿಸುವ ಹಾಡುಪಟ್ಟಿಗೆ (ಪ್ಲೇಲಿಸ್ಟ್) ಪರಿಗಣಿಸಬೇಕಾದರೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ಅರ್ಜಿ ಹೋಗಿರಬೇಕು, ಹಾಗಾಗಿ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರಿಗೆ ಮೂರು ನಾಲ್ಕು ವಾರ ಮೊದಲೇ ಕೊಡಿ. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿನ ಮುದ್ರಿಕೆಗೆ ಹಣ ಬರುವುದಿಲ್ಲ. ಅಂದರೆ ಹತ್ತು ಹಾಡು ಒಮ್ಮೆಗೇ ಸುರಿಯುವುದಕ್ಕಿಂತ, ಒಂದೊಂದೇ ಬಿಟ್ಟು ಪ್ರತಿಯೊಂದನ್ನೂ ಜನರಿಗೆ ತಲುಪಿಸುವುದು ಲೇಸು.

ಬೆಂಗಳೂರಿಗೆ ನೆಲೆ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕೆಲಸವನ್ನೂ ಬಿಡಬೇಡಿ, ಈ ಕ್ಷೇತ್ರದಲ್ಲಿ ಹಣ ಬರುವ ದಿನ ನಮ್ಮ ಕೈಲಿಲ್ಲ. ರಜೆಗಳನ್ನು ಎರಡು ಬಗೆಯ ದಿನಕ್ಕೆ ಮೀಸಲಿಡಿ: ನಿರ್ದೇಶಕರು ಸನ್ನಿವೇಶ ವಿವರಿಸುವ ದಿನ, ಗಾಯಕರು ಹಾಡುವ ದಿನ. ಎರಡನೆಯದಕ್ಕೆ ತಪ್ಪದೇ ಹೋಗಿ. ಸ್ಟುಡಿಯೋದಲ್ಲಿ "ಈ ಪದ ಬೇಡ, ಇನ್ನೊಂದು ಕೊಡಿ" ಎಂದಾಗ ನೀವಿಲ್ಲದಿದ್ದರೆ, ಅಲ್ಲಿದ್ದವರು ಯಾರೋ ಕೊಡುತ್ತಾರೆ. ಒಂದು ಪದ ಎರಡಾಗಿ, ಎರಡು ಒಂದು ಸಾಲಾಗಿ, ಕೊನೆಗೆ ಸಾಹಿತ್ಯವೇ ಬೇರೆಯಾಗುವುದು ಹೀಗೂ ಇದೆ.

ಅವಕಾಶ ಕೊಡಿಸಲು ನಿಮ್ಮಿಂದಲೇ ಹಣ ಕೇಳುವವರಿಂದ ದೂರವಿರಿ. ಗೀತರಚನೆ ಸ್ಪರ್ಧೆಗಳ ನಿಯಮಾವಳಿಯನ್ನೂ ಓದಿ, ಬಹುಮಾನ ಬರಲಿ ಬಿಡಲಿ ಕಳಿಸಿದ ಎಲ್ಲ ಹಾಡಿನ ಹಕ್ಕೂ ಆಯೋಜಕರಿಗೆ ಎಂದಿದ್ದರೆ ಕಳಿಸಬೇಡಿ.

---

ಎರಡನೇ_ಚರಣ:

ಮೂವರಿಗೂ ಹೃತ್ಪೂರ್ವಕ ಧನ್ಯವಾದ. ಬಂತು-ಇರುಳ ಉದಾಹರಣೆ ನೋಡಿದ ಮೇಲೆ ನನ್ನ ಹಳೆಯ ಪಲ್ಲವಿಗಳನ್ನೆಲ್ಲ ಮತ್ತೆ ತೆಗೆದು ಕೂತಿದ್ದೇನೆ. ಇನ್ನೊಂದೇ ಪ್ರಶ್ನೆ. ಮುಂದಿನ ಹಾಡಿಗೆ ಮುಂಬೈ ಗಾಯಕರು, ನಾನು ಆ ದಿನ ಅಲ್ಲಿಗೆ ಹೋಗಲು ಆಗುವುದಿಲ್ಲ. ಉಚ್ಚಾರ ಕೆಡದಂತೆ ಸಾಹಿತ್ಯವನ್ನು ಹೇಗೆ ಕಳಿಸಬೇಕು?

---

ಲಘು_ಗುರು:

ಮೊದಲು ಗಾಯಕರು ದೇವನಾಗರಿಯಲ್ಲಿ ಓದುತ್ತಾರೋ ಇಂಗ್ಲಿಷ್ ಅಕ್ಷರದಲ್ಲೋ ಕೇಳಿ. ಎರಡಕ್ಕೂ ತೊಂದರೆ ಬೇರೆ.

ದೇವನಾಗರಿಯಾದರೆ ಮೂರು ಕಡೆ ಕೆಡುತ್ತದೆ. ಹಿಂದಿಯಲ್ಲಿ ಹ್ರಸ್ವ ಎ, ಒ ಇಲ್ಲ, ಹಾಗಾಗಿ "ಎದೆ" ಎಂಬುದು "ಏದೇ" ಆಗುತ್ತದೆ, "ಒಲವು" "ಓಲವು" ಆಗುತ್ತದೆ. ಪದದ ಕೊನೆಯ ಅಕಾರವನ್ನು ಹಿಂದಿಯವರು ನುಂಗುತ್ತಾರೆ, "ಮನದ" ಎಂಬುದನ್ನು "ಮನದ್" ಎಂದು ಓದುತ್ತಾರೆ. ಮೂರನೆಯದು ಳ. ಮರಾಠಿ ಬಲ್ಲವರಿಗೆ ಆ ಅಕ್ಷರ ಗೊತ್ತು, ಹಿಂದಿ ಮಾತ್ರ ಬಲ್ಲವರು ಲ ಎನ್ನುತ್ತಾರೆ. "ಹೇಳು" ಎಂಬ ಪದದಲ್ಲಿ ಅದು ಏನಾಗುತ್ತದೆಂದು ನಿಮಗೇ ಗೊತ್ತು. ಪರಭಾಷೆಯ ಗಾಯಕರೆಂದು ಮೊದಲೇ ತಿಳಿದರೆ ಆ ಪದವನ್ನು ಎಳೆತದ ಜಾಗದಲ್ಲಿ ಇಡಲೇಬೇಡಿ, "ನುಡಿ", "ಅನ್ನು" ಇಂಥದ್ದು ನೋಡಿ.

ಇಂಗ್ಲಿಷ್ ಅಕ್ಷರವಾದರೆ ದೀರ್ಘಕ್ಕೆ ಸ್ವರಾಕ್ಷರ ಎರಡು ಸಲ, ಳ ಣ ಟ ಡ ಗಳಿಗೆ ದೊಡ್ಡಕ್ಷರ, ಲ ನ ತ ದ ಗಳಿಗೆ ಚಿಕ್ಕಕ್ಷರ ಎಂದು ಒಂದೇ ಕ್ರಮ ಇಟ್ಟುಕೊಂಡು ಹಾಳೆಯ ತಲೆಯಲ್ಲೇ ಅದನ್ನು ಬರೆಯಿರಿ.

ಹಾಳೆಯಲ್ಲಿ ಪ್ರತಿ ಸಾಲಿಗೂ ಸಂಖ್ಯೆ ಹಾಕಿ. ಸಾಲಿನ ಕೆಳಗೆ ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಅರ್ಥ ಬರೆಯಿರಿ, ಭಾವ ತಿಳಿಯದೆ ಹಾಡಿದರೆ ಒತ್ತು ತಪ್ಪಾದ ಪದದ ಮೇಲೆ ಬೀಳುತ್ತದೆ. ಉಸಿರು ತೆಗೆಯಬಹುದಾದ ಜಾಗಕ್ಕೆ ಓರೆಗೆರೆ ಎಳೆಯಿರಿ, "ಕಡಲ / ದಾಟಿ" ಎಂದು ತಪ್ಪು ಕಡೆ ಒಡೆಯದಂತೆ. ಆಮೇಲೆ ಎರಡು ಧ್ವನಿಮುದ್ರಿಕೆ ಮಾಡಿ: ಒಂದರಲ್ಲಿ ಟ್ಯೂನ್ ಇಲ್ಲದೆ ಸಾಲುಗಳನ್ನು ನಿಧಾನವಾಗಿ, ಎರಡೆರಡು ಸಲ ಓದಿ, ಇನ್ನೊಂದರಲ್ಲಿ ಟ್ಯೂನ್ ಮೇಲೆ. ಗಾಯಕರು ಹೆಚ್ಚಾಗಿ ನೆಚ್ಚಿಕೊಳ್ಳುವುದು ಮೊದಲನೆಯದನ್ನೇ.

ರೆಕಾರ್ಡಿಂಗ್ ಹೊತ್ತಿಗೆ ಫೋನಿನಲ್ಲಿ ಲಭ್ಯವಿರಿ, ಪ್ರತಿ ಚರಣ ಮುಗಿದಾಗ ಹಾಡಿದ್ದನ್ನು ಕಳಿಸಲು ಸಂಗೀತ ನಿರ್ದೇಶಕರನ್ನು ಕೇಳಿಕೊಳ್ಳಿ. ತಪ್ಪಿದ್ದರೆ ಸಾಲಿನ ಸಂಖ್ಯೆ ಹೇಳಿ ಆ ಪದವನ್ನಷ್ಟೇ ಮತ್ತೆ ಹಾಡಿಸಲು ಹೇಳಿ. ಗಾಯಕರು ಇನ್ನೂ ಮೈಕ್ ಮುಂದೆ ಇರುವಾಗ ಇದು ಎರಡು ನಿಮಿಷದ ಕೆಲಸ, ಅವರು ಸ್ಟುಡಿಯೋ ಬಿಟ್ಟು ಹೊರಟ ಮೇಲೆ ಮತ್ತೆ ಕರೆಸುವುದು ಬಹುಪಾಲು ಆಗದ ಮಾತು.